ಉತ್ತರ ಕರ್ನಾಟಕ ಅಸ್ಮಿತೆ

ಉತ್ತರ ಕರ್ನಾಟಕ ಅಸ್ಮಿತೆ: ಏಕೀಕೃತ ಕರ್ನಾಟಕದೊಳಗೆ ಉತ್ತರದ ಜಿಲ್ಲೆಗಳ ಜನರಲ್ಲಿರುವ ಪ್ರಾದೇಶಿಕ ಪ್ರಜ್ಞೆ. ಇದನ್ನು ಬೇರೆ ಜನಾಂಗದ ಕೂಗೆಂದು ಬಗೆಯುವುದು ಸರಿಯಲ್ಲ. 9ನೆಯ ಶತಮಾನದ ಕವಿರಾಜಮಾರ್ಗವು ತಿರುಳುಗನ್ನಡದ ನೆಲೆಗಳೆಂದು ಹೆಸರಿಸುವ ಕಿಸುವೊಳಲು (ಪಟ್ಟದಕಲ್ಲು), ಕೊಪಣ (ಕೊಪ್ಪಳ), ಪುಲಿಗೆರೆ (ಲಕ್ಷ್ಮೇಶ್ವರ), ಒಕ್ಕುಂದಗಳು ಈ ಭಾಗದಲ್ಲೇ ಇವೆ. ಆದ್ದರಿಂದ ಇಲ್ಲಿಯ ವಾದ ಕನ್ನಡದಿಂದ ದೂರ ಸರಿಯುವುದಲ್ಲ, ಅದರ ತಾಯಿಬೇರು ತಮ್ಮದೆನ್ನುವುದು. ಭೇದ ಬೆಳೆದದ್ದು ಏಕೀಕರಣಕ್ಕೆ ಮುಂಚೆ ಬೇರೆ ಬೇರೆ ಆಡಳಿತಗಳಿಗೆ ಒಳಪಟ್ಟಿದ್ದರಿಂದ. ಉದಾಹರಣೆಗೆ, ವಿಜಯಪುರ ಜಿಲ್ಲೆ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು.

ಉತ್ತರ ಹಿಂದುಳಿದಿದೆ ಎಂಬ ದೂರಿಗೆ ಎದುರಾಗುವ, ಬಡತನ ದಕ್ಷಿಣದಲ್ಲೂ ಇದೆಯಲ್ಲ ಎಂಬ ಆಕ್ಷೇಪದಲ್ಲಿ ಹುರುಳಿದೆ. ಪ್ರಾದೇಶಿಕ ಅಸಮತೋಲನ ಕುರಿತ 2002ರ ನಂಜುಂಡಪ್ಪ ಸಮಿತಿ ವರದಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 13 ದಕ್ಷಿಣದವು. ಆದರೆ ಉಳಿದ 26 ಉತ್ತರದವು. ದೂರು ಬರಿಯ ಭಾವುಕತೆಯಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಉತ್ತರವೂ ಒಂದೇ ಅಚ್ಚಿನದಲ್ಲ: ಸಂವಿಧಾನದ 371ಜೆ ವಿಧಿಯ ವಿಶೇಷ ಸ್ಥಾನಮಾನ ಕಲ್ಯಾಣ ಕರ್ನಾಟಕಕ್ಕೆ (ಹಿಂದಿನ ಹೈದರಾಬಾದ್ ಕರ್ನಾಟಕಕ್ಕೆ) ಮಾತ್ರ ದೊರೆತು, ವಿಜಯಪುರ ಹೊರಗುಳಿಯಿತು. ಈ ಜಿಲ್ಲೆಯನ್ನೊಳಗೊಂಡ ಮುಂಬೈ ಕರ್ನಾಟಕ ಭಾಗಕ್ಕೆ 2021ರಲ್ಲಿ ಕಿತ್ತೂರು ಕರ್ನಾಟಕವೆಂದು ಹೆಸರಿಡಲಾಯಿತು.