ಡ್ರಿಫೀಲ್ಡಿನ ಮರದಚ್ಚು: ವಿಕ್ಟೋರಿಯಾ ಕಾಲದ ಮಹಲುಗಳ ಬಣ್ಣದ ಚಿತ್ರಗಳು ಮತ್ತು ಅವನ್ನು ಮಾಡಿದವರು

ಹಳೆಯ ಮುದ್ರಿತ ಚಿತ್ರಗಳ ಅಂಗಡಿಗಳಲ್ಲಿ, ಹರಾಜಿನ ಪಟ್ಟಿಗಳಲ್ಲಿ, ‘ಮಾರಿಸ್, 1880’ ಎಂಬ ಚೀಟಿ ಹೊತ್ತ ಸಣ್ಣ ಬಣ್ಣದ ಚಿತ್ರಗಳು ಇಂದಿಗೂ ಸಿಗುತ್ತವೆ. ಅಂಗೈಯಗಲಕ್ಕಿಂತ ಸ್ವಲ್ಪ ದೊಡ್ಡ ಚಿತ್ರ. ನಡುವೆ ಒಂದು ಮಹಲು, ಮುಂದೆ ಹಸಿರು ಹುಲ್ಲುಹಾಸು ಅಥವಾ ಕೊಳ, ಇಕ್ಕೆಲಗಳಲ್ಲಿ ಮರ, ಮೇಲೆ ತಿಳಿನೀಲಿಯಿಂದ ನಸುಗೆಂಪಿಗೆ ಇಳಿಯುವ ಆಕಾಶ. ಇವು ‘ಎ ಸೀರೀಸ್ ಆಫ್ ಪಿಕ್ಚರೆಸ್ಕ್ ವ್ಯೂಸ್ ಆಫ್ ಸೀಟ್ಸ್ ಆಫ್ ದಿ ನೋಬಲ್‌ಮೆನ್ ಅಂಡ್ ಜೆಂಟಲ್‌ಮೆನ್ ಆಫ್ ಗ್ರೇಟ್ ಬ್ರಿಟನ್ ಅಂಡ್ ಐರ್ಲೆಂಡ್’ ಎಂಬ ಉದ್ದ ಹೆಸರಿನ ಪುಸ್ತಕದಿಂದ ಕಿತ್ತ ಹಾಳೆಗಳು. ಆರು ಸಂಪುಟ, ಸಂಪುಟಕ್ಕೆ ಸುಮಾರು 40ರಂತೆ ಒಟ್ಟು 240ರಷ್ಟು ಚಿತ್ರಗಳು. ಆ ಚೀಟಿಯ ಎರಡು ಮಾತುಗಳೂ ಓದುಗನನ್ನು ದಾರಿ ತಪ್ಪಿಸುತ್ತವೆ. ರೆವರೆಂಡ್ ಫ್ರಾನ್ಸಿಸ್ ಓರ್ಪೆನ್ ಮಾರಿಸ್ ಈ ಚಿತ್ರಗಳಲ್ಲಿ ಒಂದು ಗೆರೆಯನ್ನೂ ಎಳೆದವರಲ್ಲ. ಅವರು ಸಂಪಾದಕರು, ಪಕ್ಕದ ಪುಟದ ಬರಹ ಅವರದು. 1880 ಕೂಡ ಸರಣಿ ಮುಗಿದ ವರ್ಷ. ಚಿತ್ರಗಳು ಹೊರಬರಲು ಶುರುವಾದದ್ದು 1860ರ ದಶಕದಲ್ಲಿ. ಲಂಡನ್ನಿನ ವಿಲಿಯಂ ಮೆಕೆಂಜಿಯ ಹೆಸರಿನಲ್ಲಿ ಬಂದ ಪ್ರತಿಗಳ ಶೀರ್ಷಿಕೆ ಪುಟದಲ್ಲಿ ವರ್ಷವನ್ನೇ ಅಚ್ಚು ಮಾಡದಿದ್ದುದರಿಂದ ಈ ಒಂದೇ ಇಸವಿ ಎಲ್ಲಕ್ಕೂ ಅಂಟಿಕೊಂಡಿತು.

ಈ ಚಿತ್ರಗಳನ್ನು ಬರೆದವರು ಅಲೆಕ್ಸಾಂಡರ್ ಫ್ರಾನ್ಸಿಸ್ ಲೈಡನ್. ಮರದಲ್ಲಿ ಕೆತ್ತಿಸಿ ಅಚ್ಚು ಹಾಕಿದವರು ಬೆಂಜಮಿನ್ ಫಾಸೆಟ್. ಕೆಲಸ ನಡೆದದ್ದು ಲಂಡನ್ನಿನಲ್ಲಲ್ಲ, ಯಾರ್ಕ್‌ಷೈರಿನ ಪೂರ್ವಭಾಗದ ಡ್ರಿಫೀಲ್ಡ್ ಎಂಬ ಸಂತೆ ಊರಿನಲ್ಲಿ. ಈ ಚಿತ್ರಗಳನ್ನು ಶ್ರೀಮಂತರ ಮನೆಗಳ ದಾಖಲೆಯೆಂದು ಓದುವ ರೂಢಿ ಬಲವಾಗಿದೆ. ಅದಕ್ಕಿಂತ ಮೊದಲು ಅವನ್ನು ಒಂದು ಸಣ್ಣ ಊರಿನ ಅಚ್ಚುಕೂಟದ ಕುಶಲ ಕೆಲಸವೆಂದು ಓದಬೇಕು ಎಂಬುದು ಈ ಲೇಖನದ ವಾದ. ಹಾಗೆ ಓದಿದಾಗ ಮನೆಗಳ ಬಗೆಗೂ ನಮಗೆ ಹೆಚ್ಚೇ ತಿಳಿಯುತ್ತದೆ.

ಬ್ರಿಟನ್ನಿನಲ್ಲಿ ಮಹಲುಗಳ ಚಿತ್ರಸಂಪುಟಗಳಿಗೆ ಆಗಲೇ ಒಂದೂವರೆ ಶತಮಾನದ ಪರಂಪರೆಯಿತ್ತು. ನಿಫ್ ಬರೆದು ಕಿಪ್ ಕೆತ್ತಿದ ‘ಬ್ರಿಟಾನಿಯಾ ಇಲ್ಲಸ್ಟ್ರೇಟಾ’ 1707ರದು. ಅದರಲ್ಲಿ ಮನೆ, ತೋಟ, ಸಾಲುಮರ, ಹೊಲ ಎಲ್ಲವನ್ನೂ ಆಕಾಶದಿಂದ ಕಂಡಂತೆ ಹರಡಿಟ್ಟಿದ್ದಾರೆ. 1715ರಲ್ಲಿ ಮೊದಲ ಸಂಪುಟ ಕಂಡ ಕೋಲೆನ್ ಕ್ಯಾಂಬೆಲ್‌ನ ‘ವಿಟ್ರೂವಿಯಸ್ ಬ್ರಿಟಾನಿಕಸ್’ ವಾಸ್ತುಶಿಲ್ಪಿಯ ಪುಸ್ತಕ. 1779ರಿಂದ ವಿಲಿಯಂ ವಾಟ್ಸ್, 1818ರಿಂದ ಜೆ. ಪಿ. ನೀಲ್ ಸರಣಿಗಳನ್ನು ತಂದರು. ಇವೆಲ್ಲ ಲೋಹದ ತಗಡಿನ ಮೇಲೆ ಕೆತ್ತಿದವು, ಮೂಲದಲ್ಲಿ ಕಪ್ಪುಬಿಳುಪು. ಬಣ್ಣ ಬೇಕೆಂದರೆ ಒಂದೊಂದು ಹಾಳೆಗೂ ಕುಂಚದಿಂದಲೇ ಹಚ್ಚಬೇಕಿತ್ತು. ಬಣ್ಣವೇ ಅಚ್ಚಿನಿಂದ ಬರಬೇಕು, ಅದೂ ಸಾವಿರಾರು ಪ್ರತಿಗಳಲ್ಲಿ ಒಂದೇ ಸಮನಾಗಿ ಬರಬೇಕು ಎಂಬುದು 19ನೇ ಶತಮಾನದ ಹಂಬಲ.

ಆ ಹಂಬಲಕ್ಕೆ ನೆಲೆ ಒದಗಿಸಿದ್ದು ಮರದ ಒಂದು ಗುಣ. ಹಲಗೆಯನ್ನು ಉದ್ದಕ್ಕೆ ಸೀಳಿ ಚಾಕುವಿನಿಂದ ಕೊರೆಯುವುದು ಹಳೆಯ ಪದ್ಧತಿ. ಅಲ್ಲಿ ಎಳೆಗೆ ಅಡ್ಡವಾಗಿ ಹೋದರೆ ಮರ ಸಿಗಿಯುತ್ತದೆ. ನ್ಯೂಕ್ಯಾಸಲ್ಲಿನ ಥಾಮಸ್ ಬ್ಯೂಯಿಕ್ (1753–1828) ಕೈಯಲ್ಲಿ ಬೇರೊಂದು ದಾರಿ ಪೂರ್ಣವಾಗಿ ಪಳಗಿತು: ಬಾಕ್ಸ್‌ವುಡ್ ಎಂಬ ಬಹಳ ಗಟ್ಟಿಯಾದ, ನಿಧಾನವಾಗಿ ಬೆಳೆಯುವ ಮರದ ಕಾಂಡವನ್ನು ಅಡ್ಡಡ್ಡ ಕೊಯ್ದು, ಆ ಕೊಯ್ದ ಮುಖವನ್ನೇ ನಯಗೊಳಿಸಿ ಲೋಹ ಕೆತ್ತುವ ಉಳಿಯಿಂದ ಕೆತ್ತುವುದು. ಆ ಮುಖದಲ್ಲಿ ಎಳೆಯ ಅಡ್ಡಿಯಿಲ್ಲ. ಉಳಿ ಯಾವ ದಿಕ್ಕಿಗೂ ಓಡುತ್ತದೆ, ಕೂದಲೆಳೆಯಷ್ಟು ಗೆರೆಯೂ ನಿಲ್ಲುತ್ತದೆ. ಬ್ಲಾಕನ್ನು ಅಚ್ಚುಮೊಳೆಯ ಎತ್ತರಕ್ಕೇ ಕೊಯ್ಯುವುದರಿಂದ ಅದೇ ಪ್ರೆಸ್ಸಿನಲ್ಲಿ ಅಕ್ಷರದ ಜೊತೆಗೇ ಅಚ್ಚಾಗುತ್ತದೆ. ಮರ ತೆಳ್ಳಗಿನದು, ಅಗಲದ ಬ್ಲಾಕು ಬೇಕಾದರೆ ತುಂಡುಗಳನ್ನು ಕೂಡಿಸಬೇಕು.

ಬಣ್ಣದ ಕಡೆಯಿಂದ ದಾರಿ ತೆರೆದವರು ಜಾರ್ಜ್ ಬ್ಯಾಕ್ಸ್ಟರ್. ಲೋಹದ ತಗಡಿನಿಂದ ಮೂಲಚಿತ್ರ ಒತ್ತಿ, ಅದರ ಮೇಲೆ ಒಂದೊಂದು ಬಣ್ಣಕ್ಕೆ ಒಂದೊಂದು ಬ್ಲಾಕಿನಿಂದ ಎಣ್ಣೆಶಾಯಿ ಹಾಕುವ ಕ್ರಮಕ್ಕೆ 1835ರಲ್ಲಿ ಪೇಟೆಂಟ್ ಪಡೆದರು. ಇಪ್ಪತ್ತು ಬ್ಲಾಕುಗಳವರೆಗೂ ಬಳಸಿದ್ದುಂಟು. ಆ ಹಕ್ಕು 1854ರವರೆಗೆ ನಡೆಯಿತು. ಲಂಡನ್ನಿನ ಎಡ್ಮಂಡ್ ಇವಾನ್ಸ್ ಲೋಹವನ್ನು ಬಿಟ್ಟು ಮರದಿಂದಲೇ ಬಣ್ಣ ತೆಗೆದರು; ವಾಲ್ಟರ್ ಕ್ರೇನ್, ಕೇಟ್ ಗ್ರೀನವೇ ಅವರ ಮಕ್ಕಳ ಪುಸ್ತಕಗಳಿಂದ ಅವರ ಹೆಸರು ಉಳಿದಿದೆ. ಅದೇ ದಾರಿಯಲ್ಲಿ ನಡೆದ ಫಾಸೆಟ್ ಹೆಸರು ಅಷ್ಟಾಗಿ ಉಳಿಯಲಿಲ್ಲ. ಕೆಲಸದ ಗುಣದಲ್ಲಿ ಅವರನ್ನು ಇವಾನ್ಸ್‌ಗಿಂತ ಒಂದು ಮೆಟ್ಟಿಲು ಕೆಳಗಿಡಲು ನನಗೆ ಕಾರಣವೇ ಕಾಣುವುದಿಲ್ಲ.

1808ರಲ್ಲಿ ಬ್ರಿಡ್ಲಿಂಗ್ಟನ್ನಿನಲ್ಲಿ ಹುಟ್ಟಿದ ಫಾಸೆಟ್ 1831ರಲ್ಲಿ ಡ್ರಿಫೀಲ್ಡಿಗೆ ಬಂದು ಪುಸ್ತಕ, ಕಾಗದ, ಅಚ್ಚಿನ ಅಂಗಡಿ ಹಾಕಿದರು. ಕಾಲುವೆ ಆಗಲೇ ಇತ್ತು. 1846ರಲ್ಲಿ ಹಲ್‌ನಿಂದ ಬ್ರಿಡ್ಲಿಂಗ್ಟನ್ನಿಗೆ ಹೋಗುವ ರೈಲು ಊರಿನ ಮೇಲೆ ಹಾದುಹೋಯಿತು. ಅಚ್ಚಾದ ಹಾಳೆಯ ಗಂಟುಗಳನ್ನು ಲಂಡನ್ನಿನ ಪ್ರಕಾಶಕರಿಗೆ ಕಳಿಸುವುದು ಅಲ್ಲಿಂದ ಮುಂದೆ ಕಷ್ಟದ ಮಾತಾಗಿರಲಿಲ್ಲ. ಐರ್ಲೆಂಡಿನಲ್ಲಿ ಹುಟ್ಟಿದ ಮಾರಿಸ್ (1810–1893) 1844ರಲ್ಲಿ ನೆರೆಯ ನಾಫರ್ಟನ್ ಹಳ್ಳಿಯ ಪಾದ್ರಿಯಾಗಿ ಬಂದರು. ಹಕ್ಕಿ, ಚಿಟ್ಟೆಗಳ ಹುಚ್ಚಿದ್ದ ಪಾದ್ರಿ, ಕೆಲಸದಲ್ಲಿ ಒಂದು ಕೂದಲೆಳೆಯಷ್ಟೂ ರಾಜಿಯಾಗದ ಅಚ್ಚಿನವರು: ಇವರ ಜೊತೆಗಾರಿಕೆಯಿಂದ ಹುಟ್ಟಿದ ‘ಎ ಹಿಸ್ಟರಿ ಆಫ್ ಬ್ರಿಟಿಷ್ ಬರ್ಡ್ಸ್’ 1850ರಿಂದ 1857ರವರೆಗೆ ಕಂತುಗಳಲ್ಲಿ ಹೊರಬಂದು ಇಬ್ಬರಿಗೂ ಅನ್ನ ಕೊಟ್ಟಿತು. ಅದರಲ್ಲಿ ಅಚ್ಚಾದದ್ದು ಗೆರೆ ಮಾತ್ರ, ಬಣ್ಣವೆಲ್ಲ ಕೈಯದು. ಬ್ಲಾಕುಗಳಿಂದಲೇ ಬಣ್ಣ ತೆಗೆಯುವ ವಿದ್ಯೆ ಡ್ರಿಫೀಲ್ಡಿನಲ್ಲಿ ಗಟ್ಟಿಯಾದದ್ದು 1861ರ ‘ಬ್ಯೂಟಿಫುಲ್ ಲೀವ್ಡ್ ಪ್ಲ್ಯಾಂಟ್ಸ್’ ಹೊತ್ತಿಗೆ. ಮಹಲುಗಳ ಸರಣಿ ಅದರ ಬೆನ್ನಿಗೇ ಬಂತು. ಎಲೆಯೊಂದರ ನರ, ಮಚ್ಚೆ, ಹೊಳಪುಗಳನ್ನು ಬ್ಲಾಕಿನಲ್ಲಿ ಹಿಡಿದು ಪಳಗಿದ ಕೈಗಳಿಗೆ ಕಲ್ಲಿನ ಗೋಡೆಯ ಮೇಲಿನ ಸಂಜೆಬಿಸಿಲು ಒಲಿದದ್ದರಲ್ಲಿ ಆಶ್ಚರ್ಯವಿಲ್ಲ.

ಲೈಡನ್ ಡಬ್ಲಿನ್ನಿನಲ್ಲಿ 1836ರಲ್ಲಿ ಹುಟ್ಟಿದವರು. ಫಾಸೆಟ್ ಬಳಿ ಕೆಲಸ ಕಲಿಯಲು ಸೇರಿ ಅಲ್ಲಿಯ ಮುಖ್ಯ ಚಿತ್ರಗಾರರಾದರು. ಬಣ್ಣದ ಚಿತ್ರ ಸಿದ್ಧವಾದ ಮೇಲೆ ಕಷ್ಟದ ಕೆಲಸ ಶುರುವಾಗುತ್ತಿತ್ತು. ಚಿತ್ರದಲ್ಲಿ ಕಾಣುವ ಬಣ್ಣಗಳನ್ನು ಬಿಡಿಸಿ, ಯಾವ ಬಣ್ಣದ ಮೇಲೆ ಯಾವುದು ಕೂತರೆ ಮೂರನೆಯದು ಹುಟ್ಟುತ್ತದೆಂದು ಲೆಕ್ಕಹಾಕಿ, ಒಂದೊಂದಕ್ಕೆ ಒಂದು ಬ್ಲಾಕು ಕೆತ್ತಬೇಕು. ಒಂದು ಬಣ್ಣ ಒತ್ತಿ, ಒಣಗಿಸಿ, ಅದೇ ಹಾಳೆಯನ್ನು ಮತ್ತೆ ಮುಂದಿನ ಬ್ಲಾಕಿನ ಮೇಲೆ ಅದೇ ಜಾಗಕ್ಕೆ ಸರಿಯಾಗಿ ಕೂರಿಸಬೇಕು. ಫಾಸೆಟ್ ಕೊನೆಯವರೆಗೂ ನೆಚ್ಚಿಕೊಂಡದ್ದು ಕೈಪ್ರೆಸ್ಸನ್ನು.

ಭೂತಗನ್ನಡಿ ಹಿಡಿದು ನೋಡಿದರೆ ಈ ದುಡಿಮೆ ಕಣ್ಣಿಗೆ ಬೀಳುತ್ತದೆ. ಬರಿಗಣ್ಣಿಗೆ ನೀರುಬಣ್ಣದಂತೆ ಹರಡಿದ ಆಕಾಶ ಒತ್ತೊತ್ತಾದ ಸಣ್ಣ ಗೆರೆಗಳಾಗಿ ಬಿಡಿಸಿಕೊಳ್ಳುತ್ತದೆ. ದಿಗಂತದತ್ತ ಗೆರೆ ತೆಳುವಾಗುತ್ತ, ನೀಲಿ ತನ್ನ ಕೆಳಗಿನ ನಸುಗೆಂಪಿಗೆ ಜಾಗ ಬಿಡುತ್ತದೆ. ಎರಡೂ ಸೇರುವಲ್ಲಿ ಮೋಡದ ಬೂದಿ ಬಣ್ಣ ತಾನಾಗಿ ಮೂಡಿದೆ. ಅದಕ್ಕೆ ಬೇರೆ ಬ್ಲಾಕಿಲ್ಲ. ಮರದ ಎಲೆಗಳು ಉಳಿಯ ತುದಿ ಚುಚ್ಚಿ ಎಬ್ಬಿಸಿದ ಸಣ್ಣ ಗುಳಿಗಳ ಗುಂಪು. ಚಿತ್ರದ ಅಂಚಿನಲ್ಲಿ ಎಲ್ಲೋ ಒಂದು ಕಡೆ ಹಸಿರೋ ಕಂದೋ ಕೂದಲೆಳೆಯಷ್ಟು ಹೊರಗೆ ಚಾಚಿರುತ್ತದೆ. ಬ್ಲಾಕುಗಳು ಎಷ್ಟೆಂದು ಎಣಿಸಲು ಸಂಶೋಧಕನಿಗೆ ಸಿಗುವ ಒಳ್ಳೆಯ ಸುಳಿವು ಆ ಅಂಚೇ. ಅಲ್ಲಲ್ಲಿ ಅಚ್ಚಿನ ಮೇಲೆ ಕುಂಚದ ಸ್ಪರ್ಶವೂ ಉಂಟು.

ಇವನ್ನು ಕಲ್ಲಚ್ಚಿನ ಚಿತ್ರಗಳೆಂದು ಮಾರುವುದು ಸಾಮಾನ್ಯ. ಕಲ್ಲಚ್ಚು ಕನ್ನಡಿಗರಿಗೆ ಅಪರಿಚಿತವಲ್ಲ. ಮಂಗಳೂರಿನ ಬಾಸೆಲ್ ಮಿಷನ್ ಅಚ್ಚುಕೂಟ 1841ರಲ್ಲಿ ಕೆಲಸ ಶುರುಮಾಡಿದ್ದೇ ಅದರಿಂದ. ಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಬರೆಯುತ್ತಾರೆ, ಹಾಗಾಗಿ ಭೂತಗನ್ನಡಿಯಲ್ಲಿ ಬಣ್ಣ ಒರಟು ಚುಕ್ಕಿಗಳಾಗಿ ಚದುರಿ ಕಾಣುತ್ತದೆ. ಮರದಚ್ಚಿನಲ್ಲಿ ಚದುರುವಿಕೆಯಿಲ್ಲ, ಕೊರೆದ ಜಾಗ ಬಿಳಿ, ಉಳಿದ ಜಾಗ ಬಣ್ಣ, ನಡುವೆ ಖಚಿತವಾದ ಅಂಚು. ಕಾಗದದ ಹಿಂಬದಿಗೆ ಓರೆಬೆಳಕು ಬಿಟ್ಟರೆ ಬ್ಲಾಕು ಒತ್ತಿದ ಗುರುತು ಕೆಲವೊಮ್ಮೆ ಕಾಣುವುದೂ ಉಂಟು.

ಈ ಚಿತ್ರಗಳು ಏನನ್ನು ತೋರಿಸುತ್ತವೆ? ಮನೆ ಯಾವಾಗಲೂ ಒಂದಿಷ್ಟು ದೂರದಲ್ಲಿ, ತನ್ನ ಅತ್ಯಂತ ಚಂದದ ಮಗ್ಗುಲಲ್ಲಿ ನಿಂತಿರುತ್ತದೆ. ಜಿಂಕೆ, ದನ, ಅಡ್ಡಾಡುವ ಒಬ್ಬಿಬ್ಬರು. ಹುಲ್ಲು ಕತ್ತರಿಸುವವರು, ಬಟ್ಟೆ ಒಗೆಯುವವರು, ಕಲ್ಲಿದ್ದಲು ಹೊರುವವರು ಕಾಣುವುದು ಅಪರೂಪ. ಮಾರಿಸ್‌ರ ಬರಹ ಊರಿನ ಹೆಸರು, ಒಡೆಯನ ಹೆಸರಿನಿಂದ ಶುರುವಾಗಿ ಬೇಗನೆ ವಂಶಾವಳಿಗೆ ಇಳಿಯುತ್ತದೆ. ಹಕ್ಕಿಗಳ ಬಗ್ಗೆ ಬರೆಯುವಾಗಿನ ಅವರ ಉತ್ಸಾಹ ಇಲ್ಲಿಲ್ಲ. ಈ ಸಂಪುಟಗಳ ಪ್ರಾಣವಿರುವುದು ಚಿತ್ರದಲ್ಲೇ. ಸಂಪತ್ತು ಎಲ್ಲಿಂದ ಬಂತೆಂಬುದು ಈ ಬಗೆಯ ಪುಸ್ತಕಗಳ ವಿಷಯವೇ ಆಗಿರಲಿಲ್ಲ. ವೇಲ್ಸಿನ ಪೋವಿಸ್ ಕೋಟೆಯಂಥ ಮಹಲನ್ನು ನೆನೆದರೆ ಕನ್ನಡ ಓದುಗರಿಗೆ ಈ ಮೌನ ಹತ್ತಿರದಿಂದ ತಾಗುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಎಡ್ವರ್ಡ್ ಕ್ಲೈವ್ ಮದರಾಸಿನ ಗವರ್ನರ್. ಟಿಪ್ಪುವಿನ ಸಿಂಹಾಸನದ ಚಿನ್ನದ ಹುಲಿಮುಖವೊಂದು ಅವನ ಕುಟುಂಬದ ಪೋವಿಸ್ ಸೇರಿತು. ಟಿಪ್ಪುವಿನ ಹೂಬಳ್ಳಿಯ ಡೇರೆ ಅಲ್ಲಿ ತೋಟದ ಔತಣಗಳಿಗೆ ಚಪ್ಪರವಾಯಿತು. ಚಿತ್ರಸಂಪುಟಗಳ ಹುಲ್ಲುಹಾಸನ್ನು ಇಂಥ ತಿಳಿವಳಿಕೆಯಿಟ್ಟುಕೊಂಡು ನೋಡಬೇಕು.

ಹಾಗೆಂದು ಅವುಗಳ ಸಾಕ್ಷ್ಯದ ಬೆಲೆ ಕಡಿಮೆಯಾಗುವುದಿಲ್ಲ. 1699ರಲ್ಲಿ ವ್ಯಾನ್‌ಬ್ರೂ ರೂಪಿಸಿದ ಕ್ಯಾಸಲ್ ಹೋವರ್ಡ್‌ನ ಗುಮ್ಮಟ 1940ರ ಬೆಂಕಿಯಲ್ಲಿ ಕುಸಿಯಿತು. ಇಂದು ಕಾಣುವುದು 1960ರ ದಶಕದ ಆರಂಭದಲ್ಲಿ ಮತ್ತೆ ಕಟ್ಟಿದ್ದು. ಡ್ರಿಫೀಲ್ಡಿನ ಬ್ಲಾಕಿನಲ್ಲಿರುವುದು ಹಳೆಯ ಗುಮ್ಮಟ. ಸ್ಟಾಫರ್ಡ್‌ಷೈರಿನ ಟ್ರೆಂಥಮ್ ಮಹಲು ಬಹುಪಾಲು ಉಳಿದೇ ಇಲ್ಲ: ಕುಂಬಾರಿಕೆ ಕಾರ್ಖಾನೆಗಳ ಕೊಳೆಯಿಂದ ಟ್ರೆಂಟ್ ನದಿ ನಾರತೊಡಗಿ, ಒಡೆಯರು ಬಿಟ್ಟುಹೋಗಿ, 1912ರ ಹೊತ್ತಿಗೆ ಕೆಡವಿಯಾಗಿತ್ತು. ಇಂಥ ಮನೆಗಳಿಗೆ ಬಣ್ಣದ ಛಾಯಾಚಿತ್ರವಿಲ್ಲ. ಕಲ್ಲಿನ ಬಣ್ಣ, ಹೂಪಾತಿಗಳ ಹಂಚಿಕೆ ಹೇಗಿದ್ದಿರಬಹುದೆಂದು ಊಹಿಸಲು ಲೈಡನ್ ಚಿತ್ರ ನೆರವಾಗುತ್ತದೆ, ಚಂದಗಾಣಿಸುವ ಅವರ ಒಲವನ್ನು ಕಳೆದು ಓದಿದರೆ.

ಸರಣಿ ಹೊರಬಂದ ಕಾಲವೂ ಗಮನಿಸತಕ್ಕದ್ದು. 1870ರ ದಶಕದ ಭೂಮಾಲೀಕರ ಸರ್ಕಾರಿ ಗಣತಿಯ ಪ್ರಕಾರ ಏಳು ಸಾವಿರಕ್ಕಿಂತ ಕಡಿಮೆ ಒಡೆಯರ ಕೈಯಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ನೆಲವಿತ್ತು. ಈ ಸಂಪುಟಗಳು ಆ ವರ್ಗದ ತುತ್ತತುದಿಯ ಚಿತ್ರ. ಅಷ್ಟರಲ್ಲೇ ಅಮೆರಿಕದ ಗೋಧಿ ಬಂದು ಸುರಿಯಿತು, 1879ರ ಫಸಲು ಮಳೆಯಲ್ಲಿ ಕೊಳೆಯಿತು. 1877ರಲ್ಲಿ ಕ್ವಾರ್ಟರ್ ಎಂಬ ಧಾನ್ಯದ ಅಳತೆಗೆ 56 ಷಿಲಿಂಗ್ 9 ಪೆನ್ಸ್ ಇದ್ದ ಗೋಧಿ 1894ರಲ್ಲಿ 22 ಷಿಲಿಂಗ್ 10 ಪೆನ್ಸಿಗೆ ಇಳಿಯಿತು. ಗೇಣಿ ಇಳಿಯಿತು, ಅದೇ 1894ರಲ್ಲಿ ಒಡೆಯ ಸತ್ತಾಗ ಆಸ್ತಿಯ ಮೇಲೆ ಬೀಳುವ ಹೊಸ ತೆರಿಗೆಯೂ ಬಂತು.

ಇದೇ ಹದಿನೈದು ವರ್ಷಗಳಲ್ಲಿ ಮರದಚ್ಚೂ ಸೋತಿತು. ಕಲ್ಲಚ್ಚಿನ ಬಣ್ಣದ ಚಿತ್ರ ಅಗ್ಗವಾಗಿತ್ತು, ಅದರ ಹಿಂದೆಯೇ ಛಾಯಾಚಿತ್ರದಿಂದ ನೇರವಾಗಿ ಮಾಡುವ ಹಾಫ್‌ಟೋನ್ ಬ್ಲಾಕು ಬಂತು. ಅದಕ್ಕೆ ಕೆತ್ತುವವನೇ ಬೇಡ. ಡ್ರಿಫೀಲ್ಡಿನಲ್ಲಿ ಕೆಲಸ ಕಡಿಮೆಯಾಗಿ 1883ರಲ್ಲಿ ಲೈಡನ್ ಲಂಡನ್ನಿಗೆ ಹೊರಟುಹೋದರು. ಫಾಸೆಟ್ ಮತ್ತು ಮಾರಿಸ್ ಇಬ್ಬರೂ 1893ರಲ್ಲೇ ತೀರಿಕೊಂಡರು. 1897ರಲ್ಲಿ ಶುರುವಾದ ‘ಕಂಟ್ರಿ ಲೈಫ್’ ವಾರಪತ್ರಿಕೆ ಅದೇ ಮಹಲುಗಳನ್ನು ಛಾಯಾಚಿತ್ರಗಳಲ್ಲಿ ತೋರಿಸತೊಡಗಿತು.

ಚೌಕಟ್ಟಿಗೆಂದು ಚಿತ್ರಗಳನ್ನು ಕಿತ್ತು ಬಿಡಿಬಿಡಿಯಾಗಿ ಮಾರುವುದರಿಂದ ಈ ಸಂಪುಟಗಳು ಕರಗುತ್ತಿವೆ, ಜೊತೆಗಿದ್ದ ಬರಹದ ಹಾಳೆ ಕಳೆದುಹೋಗುತ್ತಿದೆ. ಆ ಹಾಳೆಯಲ್ಲಿರುವ ಒಡೆಯನ ಹೆಸರಿನಿಂದ ಆ ಕಂತಿನ ಕಾಲವನ್ನು ಸರಿಸುಮಾರು ನಿಗದಿಮಾಡಬಹುದು: ಬಿರುದು ಯಾರಿಗೆ ಯಾವ ವರ್ಷ ಹೋಯಿತೆಂಬುದು ದಾಖಲೆಯಲ್ಲಿರುತ್ತದೆ. ಚಿತ್ರವನ್ನೂ ಬರಹವನ್ನೂ ಒಟ್ಟಿಗೆ ಪಟ್ಟಿಮಾಡಿದರೆ ‘1880’ ಎಂಬ ಒಂದೇ ಇಸವಿಯ ಜಾಗದಲ್ಲಿ ಹದಿನೈದು ವರ್ಷಗಳ ಕ್ರಮ ಮೂಡುತ್ತದೆ. ಕೈ ಹೇಗೆ ಪಳಗಿತು, ಬ್ಲಾಕುಗಳ ಬಳಕೆ ಹೇಗೆ ಬದಲಾಯಿತು ಎಂಬುದನ್ನು ಆ ಮೇಲೆ ಅಳೆಯಬಹುದು. ಗ್ರಂಥಾಲಯಗಳ ಸೂಚಿಯಲ್ಲಿ ಮಾರಿಸ್ ಹೆಸರಿನ ಜೊತೆಗೆ ಚಿತ್ರಗಾರ ಲೈಡನ್, ಕೆತ್ತನೆಗಾರ ಮತ್ತು ಮುದ್ರಕ ಫಾಸೆಟ್ ಎಂದು ಪ್ರತ್ಯೇಕವಾಗಿ ನಮೂದಿಸುವುದು ಆ ಕೆಲಸದ ಮೊದಲ ಹೆಜ್ಜೆ.