ಕಿಸೆಯ ಪಿಸ್ತೂಲಿಗೆ ಕಣ್ಣು ಬಂದ ಬಗೆ

ಬಂದೂಕಿನ ಚರಿತ್ರೆ ಎಂದಕೂಡಲೆ ನಮ್ಮ ನೆನಪಿಗೆ ಬರುವುದು ಮದ್ದು, ಗುಂಡು, ಕೋಟೆ, ಕಾಳಗ. ಗುಂಡು ಎಲ್ಲಿಗೆ ಹೋಗಬೇಕೆಂದು ತೋರಿಸಿಕೊಡುವ ಪುಟ್ಟ ಕಡ್ಡಿಯ ಕಡೆಗೆ ನಮ್ಮ ಗಮನ ಹರಿಯುವುದು ಕಡಿಮೆ. ಆದರೆ ಆ ಕಡ್ಡಿಗೂ ಒಂದು ಚರಿತ್ರೆ ಇದೆ. ಅದರಲ್ಲೂ ಕಿಸೆಯಲ್ಲಿ ಅಥವಾ ಸೊಂಟದಲ್ಲಿ ಮರೆಮಾಡಿ ಒಯ್ಯುವ ಸಣ್ಣ ಪಿಸ್ತೂಲಿನ ಮಟ್ಟಿಗೆ ಈ ಚರಿತ್ರೆ ಒಂದು ಜಗಳದ ಕಥೆಯೇ ಸರಿ. ಬಟ್ಟೆಗೆ ಸಿಕ್ಕಿಕೊಳ್ಳದಂತೆ ನುಣುಪಾಗಿರಬೇಕೆನ್ನುವುದು ಕಿಸೆಯ ಬೇಡಿಕೆ. ಎದ್ದು ಕಾಣುವ ಗುರುತು ಬೇಕೆನ್ನುವುದು ಕಣ್ಣಿನ ಬೇಡಿಕೆ. ನೂರೈವತ್ತು ವರ್ಷಗಳಿಂದ ತಯಾರಕರು ಇವೆರಡರ ನಡುವೆ ರಾಜಿ ಮಾಡಿಸುತ್ತಲೇ ಬಂದಿದ್ದಾರೆ.

ನಮ್ಮ ದೇಶದಲ್ಲಿ 1959ರ ಆಯುಧ ಕಾಯಿದೆಯಂತೆ ಲೈಸೆನ್ಸಿಲ್ಲದೆ ಪಿಸ್ತೂಲು ಇಟ್ಟುಕೊಳ್ಳುವಂತಿಲ್ಲ. ಆದ್ದರಿಂದ ಇದು ಬಹುಮಟ್ಟಿಗೆ ಅಮೆರಿಕ ಮತ್ತು ಯೂರೋಪಿನ ಕಥೆ. ಆದರೂ ಇದರ ಒಂದು ಎಳೆ ಪುಣೆಯ ಮೂಲಕ ನಮ್ಮ ಬೆಂಗಳೂರಿಗೂ ಬಂದು ಸೇರುತ್ತದೆ ಎಂಬುದನ್ನು ಮುಂದೆ ನೋಡೋಣ.

ಫಿಲಡೆಲ್ಫಿಯದ ಹೆನ್ರಿ ಡೆರಿಂಜರ್ ಮಾಡುತ್ತಿದ್ದ ಅಂಗೈಯಗಲದ ಪಿಸ್ತೂಲುಗಳು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಬಹಳ ಹೆಸರಾಗಿದ್ದವು. ಒಂದೇ ಗುಂಡು, ಎದುರಾಳಿ ಕೈಯಳತೆಯಲ್ಲಿ. 1865ರ ಏಪ್ರಿಲ್ 14ರ ರಾತ್ರಿ ವಾಷಿಂಗ್ಟನ್ನಿನ ಫೋರ್ಡ್ ನಾಟಕಶಾಲೆಯಲ್ಲಿ ಅಧ್ಯಕ್ಷ ಲಿಂಕನ್ನರ ತಲೆಯ ಹಿಂದೆ ಸಿಡಿದದ್ದು ಇಂಥದೇ ಪಿಸ್ತೂಲು. ಅಷ್ಟು ಹತ್ತಿರದಿಂದ ಹೊಡೆಯುವವನಿಗೆ ಗುರಿಯ ಕಡ್ಡಿಯ ಹಂಗೇನು? ಅದೇ ಕಾಲದ ಕೋಲ್ಟ್ ರಿವಾಲ್ವರುಗಳಲ್ಲಿ ಇನ್ನೊಂದು ಬಗೆಯ ಜಾಣ್ಮೆ ಕಾಣುತ್ತದೆ. ಅವುಗಳ ಹಿಂಗುರಿಯ ಕಚ್ಚನ್ನು ಕುದುರೆಯ, ಎಂದರೆ ಸಿಡಿಮದ್ದನ್ನು ಬಡಿಯುವ ಸುತ್ತಿಗೆಯ, ತುಟಿಯಲ್ಲೇ ಕೊರೆದಿದ್ದರು. ಕುದುರೆಯನ್ನು ಎಳೆದು ನಿಲ್ಲಿಸಿದಾಗ ಮಾತ್ರ ಕಚ್ಚು ಕಣ್ಣಿಗೆ ಬೀಳುತ್ತಿತ್ತು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜಾನ್ ಬ್ರೌನಿಂಗ್ ಎಂಬ ಅಸಾಧಾರಣ ಕುಶಲಿಯಿಂದ ಕಿಸೆಯ ಪಿಸ್ತೂಲಿನ ರೂಪವೇ ಬದಲಾಯಿತು. ಅವನ ವಿನ್ಯಾಸದಂತೆ ಕೋಲ್ಟ್ ಕಂಪನಿ 1903ರಲ್ಲಿ ಹೊರತಂದ ಪಿಸ್ತೂಲಿನಲ್ಲಿ ಕುದುರೆ ಒಳಗೆ ಅಡಗಿತ್ತು. ಮೇಲಿನ ಗುರಿಕಡ್ಡಿ ಅಕ್ಕಿಕಾಳಿನಷ್ಟು. ಬೆಲ್ಜಿಯಂನ ಎಫ್.ಎನ್. ಕಾರ್ಖಾನೆಯ 1910ರ ಮಾದರಿಯಲ್ಲಿ ಅವನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಗುರಿಯ ಗುರುತುಗಳನ್ನು ಪಿಸ್ತೂಲಿನ ಬೆನ್ನಿನ ಮೇಲೆ ಕೊರೆದ ಒಂದು ಕಾಲುವೆಯೊಳಗೆ ಮುಳುಗಿಸಿಬಿಟ್ಟ. ಕಿಸೆಯಿಂದ ಎಳೆದರೆ ಎಲ್ಲಿಯೂ ತಡೆಯಿಲ್ಲ. ಕಣ್ಣಿಗೆ ಮಾತ್ರ ಏನೂ ಸಿಕ್ಕದು. 1914ರ ಜೂನ್ 28ರಂದು ಸರಾಯೆವೊ ನಗರದಲ್ಲಿ ಗಾವ್ರಿಲೊ ಪ್ರಿನ್ಸಿಪ್ ಆಸ್ಟ್ರಿಯದ ಯುವರಾಜ ದಂಪತಿಗಳನ್ನು ಕೊಂದದ್ದು ಈ ಮಾದರಿಯ ಪಿಸ್ತೂಲಿನಿಂದಲೇ. ಅಲ್ಲಿಯೂ ಅಂತರ ಕೆಲವೇ ಹೆಜ್ಜೆ. ಕಿಸೆ ಗೆದ್ದಿತ್ತು, ಕಣ್ಣು ಸೋತಿತ್ತು.

ಈ ಸೋಲನ್ನೇ ಒಂದು ಶಾಸ್ತ್ರವಾಗಿ ಮಾಡಿದವರು ಶಾಂಘಾಯ್ ನಗರ ಪೊಲೀಸಿನ ವಿಲಿಯಂ ಫೇರ್‌ಬೇರ್ನ್ ಮತ್ತು ಎರಿಕ್ ಸೈಕ್ಸ್. ಇಕ್ಕಟ್ಟಾದ ಓಣಿಗಳಲ್ಲಿ, ಅರೆಗತ್ತಲಲ್ಲಿ, ಕ್ಷಣಾರ್ಧದಲ್ಲಿ ಮುಗಿಯುವ ಹೋರಾಟಗಳನ್ನು ಕಂಡ ಇವರು, ಸಮೀಪದ ಕಾದಾಟದಲ್ಲಿ ಗುರಿಕಡ್ಡಿ ನೋಡುವಷ್ಟು ಪುರಸತ್ತು ಇರುವುದಿಲ್ಲ, ಬೆರಳು ತೋರಿಸಿದಂತೆ ಪಿಸ್ತೂಲು ತೋರಿಸಿ ಹೊಡೆಯಬೇಕು ಎಂದು ಕಲಿಸಿದರು. 1942ರಲ್ಲಿ ಇವರ ಪುಸ್ತಕವೂ ಹೊರಬಂತು. ನಾಲ್ಕು ಹೆಜ್ಜೆಯ ಮಟ್ಟಿಗೆ ಇವರ ಮಾತು ಸುಳ್ಳಲ್ಲ.

ಅದಕ್ಕಿಂತ ದೂರವಾದರೆ ಏನು ಗತಿ? ಇದಕ್ಕೆ ಉತ್ತರ ಸಿಕ್ಕಿದ್ದು ಕ್ಯಾಲಿಫೋರ್ನಿಯದಲ್ಲಿ. ಅಲ್ಲಿ ಜೆಫ್ ಕೂಪರ್ ಎಂಬಾತ 1950ರ ದಶಕದಲ್ಲಿ ಬಿಗ್ ಬೇರ್ ಎಂಬ ಊರಿನಲ್ಲಿ ಪಿಸ್ತೂಲು ಸ್ಪರ್ಧೆಗಳನ್ನು ನಡೆಸುತ್ತಿದ್ದ. ಸ್ಪರ್ಧಿಗಳು ಸೊಂಟದ ಮಟ್ಟದಿಂದ ಬೇಗ ಬೇಗ ಹೊಡೆದು ತಪ್ಪುತ್ತಿದ್ದರು. ಲಾಸ್ ಏಂಜಲಿಸ್ ಜಿಲ್ಲೆಯ ಪೊಲೀಸು ಜಾಕ್ ವೀವರ್ ಎರಡು ಕೈಗಳಿಂದ ಹಿಡಿದು, ಕಣ್ಣಿನ ಮಟ್ಟಕ್ಕೆ ಎತ್ತಿ, ಗುರಿಕಡ್ಡಿಯನ್ನು ನೋಡಿ ಹೊಡೆದ; 1959ರಲ್ಲಿ ಗೆದ್ದೂ ಬಿಟ್ಟ. ಒಂದು ಕ್ಷಣ ತಡವಾಗಿ ಹೊರಟರೂ ನಾಟುವ ಗುಂಡು ಬೇಗ ಹೊರಟು ತಪ್ಪುವ ಗುಂಡಿಗಿಂತ ಮೇಲು ಎಂಬ ತಿಳಿವಳಿಕೆ ಅಲ್ಲಿಂದ ಹಬ್ಬಿತು. ಕಣ್ಣಿಗೆ ಮತ್ತೆ ಮಾನ ಬಂತು.

ಇಲ್ಲಿ ಸ್ವಲ್ಪ ಲೆಕ್ಕ ಮಾಡಿದರೆ ಸಣ್ಣ ಪಿಸ್ತೂಲಿನ ಕಷ್ಟ ತಿಳಿಯುತ್ತದೆ. ಮುಂದಿನ ಕಡ್ಡಿಗೂ ಹಿಂದಿನ ಕಚ್ಚಿಗೂ 13 ಸೆಂಟಿಮೀಟರ್ ಅಂತರ ಎಂದಿಟ್ಟುಕೊಳ್ಳಿ. ಕಡ್ಡಿ ಒಂದೇ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಹತ್ತು ಮೀಟರ್ ಆಚೆ ಗುಂಡು ಸುಮಾರು 77 ಮಿಲಿಮೀಟರ್ ಪಕ್ಕಕ್ಕೆ ಹೋಗುತ್ತದೆ. ಅದೇ ಅಂತರ 17 ಸೆಂಟಿಮೀಟರ್ ಇರುವ ದೊಡ್ಡ ಪಿಸ್ತೂಲಿನಲ್ಲಿ ಈ ತಪ್ಪು ಸುಮಾರು 59 ಮಿಲಿಮೀಟರಿಗೆ ಇಳಿಯುತ್ತದೆ. ಎಂದರೆ ಆಯುಧ ಚಿಕ್ಕದಾದಷ್ಟೂ ಕಣ್ಣಿನ ಹೊಣೆ ಹೆಚ್ಚು. ಆದರೆ ಮೂರು ಮೀಟರಿನ ಕೋಣೆಯೊಳಗೆ ಅದೇ ಚಿಕ್ಕ ಪಿಸ್ತೂಲಿನ ತಪ್ಪು 23 ಮಿಲಿಮೀಟರ್ ಅಷ್ಟೆ. ಗುರಿಸಾಧನವನ್ನು ಆರಿಸುವ ಮೊದಲು ಅಂತರ ಎಷ್ಟು ಎಂದು ಕೇಳಿಕೊಳ್ಳಬೇಕಾದದ್ದು ಇದಕ್ಕಾಗಿಯೇ.

ಕಣ್ಣಿಗೆ ಮತ್ತೊಂದು ಮಿತಿಯಿದೆ. ಹಿಂದಿನ ಕಚ್ಚು, ಮುಂದಿನ ಕಡ್ಡಿ, ಆಚೆಯ ಗುರಿ—ಈ ಮೂರೂ ಬೇರೆ ಬೇರೆ ದೂರದಲ್ಲಿವೆ. ಕಣ್ಣು ಒಂದು ಸಲಕ್ಕೆ ಒಂದನ್ನೇ ಸ್ಪಷ್ಟವಾಗಿ ನೋಡಬಲ್ಲದು. ದ್ರೋಣರ ಪರೀಕ್ಷೆಯಲ್ಲಿ ಅರ್ಜುನನಿಗೆ ಹಕ್ಕಿಯ ಕಣ್ಣು ಮಾತ್ರ ಕಂಡಿತು ಎಂದು ನಾವು ಬಾಲ್ಯದಿಂದ ಕೇಳಿದ್ದೇವಷ್ಟೆ. ಪಿಸ್ತೂಲಿನ ಶಾಲೆಯಲ್ಲಿ ಈ ಉತ್ತರ ಕೊಟ್ಟವನು ನಪಾಸು! ಅಲ್ಲಿ ಸ್ಪಷ್ಟವಾಗಿ ಕಾಣಬೇಕಾದದ್ದು ಮುಂದಿನ ಕಡ್ಡಿ. ಹಕ್ಕಿ ಮಸುಕಾಗಿದ್ದರೂ ಸರಿ. ಇಪ್ಪತ್ತರ ಹರೆಯದ ಕಣ್ಣಿಗೆ ಇದು ಸಾಧ್ಯ. ಚಾಳೀಸು ಬಂದ ಕಣ್ಣಿಗೆ ತೋಳಿನಳತೆಯ ಕಡ್ಡಿಯೂ ಮಂಜು ಮಂಜು. ಕತ್ತಲಾದರೆ ಯಾರ ಕಣ್ಣಿಗೂ ಕರಿಯ ಉಕ್ಕಿನ ಕಡ್ಡಿ ಕಾಣುವುದಿಲ್ಲ.

ಹೀಗೆ ಒಂದೊಂದು ಕೊರತೆಗೆ ಒಂದೊಂದು ಮದ್ದು ಹುಟ್ಟಿತು. ಮೊದಲಿಗೆ ಕಡ್ಡಿಗೆ ಬಿಳಿ ಚುಕ್ಕೆ, ಕಿತ್ತಳೆ ಬಣ್ಣ. ಕತ್ತಲಿಗೆ ಟ್ರಿಟಿಯಂ. ಇದು ಜಲಜನಕದ ವಿಕಿರಣಶೀಲ ರೂಪ. ಪುಟ್ಟ ಗಾಜಿನ ನಳಿಗೆಯೊಳಗೆ ಈ ಅನಿಲವನ್ನು ತುಂಬಿ, ಒಳಮೈಗೆ ಹೊಳೆಯುವ ವಸ್ತುವನ್ನು ಬಳಿದಿರುತ್ತಾರೆ. ಟ್ರಿಟಿಯಂನಿಂದ ಹೊರಡುವ ಎಲೆಕ್ಟ್ರಾನುಗಳು ತಾಗಿ ಅದು ಹೊಳೆಯುತ್ತದೆ. ಎಲೆಕ್ಟ್ರಾನುಗಳು ಗಾಜನ್ನು ದಾಟಲಾರವು. 1980ರ ದಶಕದಿಂದ ಇಂಥ ಗುರಿಕಡ್ಡಿಗಳು ಪಿಸ್ತೂಲುಗಳಲ್ಲಿ ಬಳಕೆಗೆ ಬಂದವು. ಬ್ಯಾಟರಿ ಬೇಡ, ಗುಂಡಿ ಒತ್ತುವುದು ಬೇಡ. ಆದರೆ ಟ್ರಿಟಿಯಂನ ಅರ್ಧಾಯುಷ್ಯ 12.3 ವರ್ಷ. ಹನ್ನೆರಡು ವರ್ಷದ ಹಳೆಯ ಕಡ್ಡಿಯಲ್ಲಿ ಅರ್ಧದಷ್ಟೇ ಅನಿಲ ಉಳಿದಿರುತ್ತದೆ ಎಂಬುದನ್ನು ಕೊಳ್ಳುವವರು ಮರೆಯಬಾರದು.

ಮೂರು ದೂರಗಳ ತೊಡಕಿಗೆ ಪರಿಹಾರ ಹೊಳೆದದ್ದು ಆಯುಧದವರಿಗಲ್ಲ, ಆಕಾಶ ನೋಡುವ ದೂರದರ್ಶಕಗಳ ತಯಾರಕನಿಗೆ. ಐರ್ಲೆಂಡಿನ ಡಬ್ಲಿನ್ನಿನ ಹೋವರ್ಡ್ ಗ್ರಬ್ 1900ರಲ್ಲಿ ಪ್ರತಿಫಲನದ ಗುರಿಸಾಧನಕ್ಕೆ ಪೇಟೆಂಟ್ ಪಡೆದ. ಭೌತಶಾಸ್ತ್ರ ಓದಿದವರಿಗೆ ತತ್ವ ಸುಲಭ: ಮಸೂರದ ನಾಭಿಯಲ್ಲಿಟ್ಟ ಬೆಳಕಿನ ಗುರುತಿನಿಂದ ಹೊರಟ ಕಿರಣಗಳು ಸಮಾನಾಂತರವಾಗುತ್ತವೆ, ಓರೆಯಾಗಿ ನಿಲ್ಲಿಸಿದ ಗಾಜಿನಿಂದ ಅವು ಕಣ್ಣಿಗೆ ಬಂದರೆ, ಗುರುತು ಅನಂತ ದೂರದಲ್ಲಿ, ಗುರಿಯ ಮೇಲೆಯೇ ನಿಂತಂತೆ ಕಾಣುತ್ತದೆ. ತಲೆ ಸ್ವಲ್ಪ ಆಚೀಚೆ ಸರಿದರೂ ಗುರುತು ಗುರಿಯನ್ನು ಬಿಡುವುದಿಲ್ಲ. ಕಣ್ಣು ಗುರಿಯನ್ನೊಂದನ್ನೇ ನೋಡಿದರೆ ಸಾಕು.

ಇದೇ ಗ್ರಬ್ ಕಾರ್ಖಾನೆಯಲ್ಲಿ ತಯಾರಾದ 20 ಅಂಗುಲದ ದೂರದರ್ಶಕವೊಂದು ಭಾವನಗರದ ಮಹಾರಾಜರ ನೆರವಿನಿಂದ ಪುಣೆಯ ತಖ್ತಸಿಂಗ್‌ಜಿ ವೀಕ್ಷಣಾಲಯಕ್ಕೆ ಬಂದಿತ್ತು. ಕಾವಸ್‌ಜಿ ನೇಗಮ್‌ವಾಲಾ ಅವರು ಅಲ್ಲಿ ಕೆಲಸ ಮಾಡಿದರು. ಆ ವೀಕ್ಷಣಾಲಯ ಮುಚ್ಚಿದ ಮೇಲೆ, 1912ರಲ್ಲಿ, ದೂರದರ್ಶಕ ಕೊಡೈಕನಾಲಿಗೆ ಹೋಯಿತು. ಕೊಡೈಕನಾಲ್ ವೀಕ್ಷಣಾಲಯ ಇಂದು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಗೆ ಸೇರಿದೆ. ನಕ್ಷತ್ರಗಳ ಕಡೆಗೆ ನಮ್ಮ ಕಣ್ಣು ತೆರೆಸಿದ ಕೈಯೇ ಆಯುಧಕ್ಕೂ ಕಣ್ಣು ಕೊಟ್ಟಿತು!

ಗ್ರಬ್ಬನ ಉಪಾಯ ಮೊದಲು ಹಾರಿದ್ದು ಯುದ್ಧವಿಮಾನಗಳಲ್ಲಿ. ಪಿಸ್ತೂಲಿಗೆ ಇಳಿಯಲು ಸಣ್ಣ ದೀಪ ಬೇಕಿತ್ತು. 1962ರಲ್ಲಿ ನಿಕ್ ಹೊಲೊನ್ಯಾಕ್ ಕೆಂಪು ಬೆಳಕಿನ ಎಲ್.ಇ.ಡಿ. ತಯಾರಿಸಿದ, 1975ರಲ್ಲಿ ಸ್ವೀಡನ್ನಿನ ಏಮ್‌ಪಾಯಿಂಟ್ ಕಂಪನಿ ಅದನ್ನು ಬಳಸಿದ ಕೆಂಪು ಚುಕ್ಕೆಯ ಸಾಧನವನ್ನು ಮಾರಾಟಕ್ಕೆ ತಂದಿತು. ಅದು ಕೋವಿಗೆ ತಕ್ಕ ಗಾತ್ರದ್ದು. 2009ರಲ್ಲಿ ಟ್ರಿಜಿಕಾನ್ ಕಂಪನಿಯ ಗಟ್ಟಿಮುಟ್ಟಾದ ಪುಟ್ಟ ಸಾಧನ ಬಂದ ಮೇಲೆ ಇದು ಪಿಸ್ತೂಲಿನ ಬೆನ್ನೇರಿತು. ಮುಂದಿನ ಹತ್ತು ವರ್ಷಗಳಲ್ಲಿ, ಬೆರಳುದ್ದದ ನಳಿಗೆಯ ಪಿಸ್ತೂಲುಗಳಿಗೂ ಕಾರ್ಖಾನೆಯಲ್ಲೇ ಇದಕ್ಕೆ ಜಾಗ ಕೊರೆದು ಕೊಡುವ ಪದ್ಧತಿ ಬಂತು.

ಇನ್ನು ಲೇಸರ್. 1960ರಲ್ಲಿ ಥಿಯೊಡರ್ ಮೈಮನ್ ಮೊದಲ ಲೇಸರ್ ಬೆಳಗಿಸಿದ. 1984ರ 'ಟರ್ಮಿನೇಟರ್' ಚಿತ್ರದಲ್ಲಿ ನಾಯಕನಟನ ಪಿಸ್ತೂಲಿನ ಮೇಲಿದ್ದ ಹೀಲಿಯಂ-ನಿಯಾನ್ ಲೇಸರಿಗೆ ಬೇಕಾದ ಬ್ಯಾಟರಿಯನ್ನು ಅವನ ಕೋಟಿನೊಳಗೆ ಬಚ್ಚಿಡಬೇಕಾಗಿತ್ತು. ಅರೆವಾಹಕ ಲೇಸರುಗಳು ಅಗ್ಗವಾದ ಮೇಲೆ ಅದೇ ಬೆಳಕು ಪಿಸ್ತೂಲಿನ ಹಿಡಿಯೊಳಗೆ ಅಡಗಿತು. ಕೈಯನ್ನು ಕಣ್ಣಿನ ಮಟ್ಟಕ್ಕೆ ಎತ್ತಲಾಗದವನಿಗೆ ಇದು ನೆರವಾದೀತು. ಆದರೆ ಬಿಸಿಲಿನಲ್ಲಿ ಕೆಂಪು ಚುಕ್ಕೆ ಮಾಯ. ನಮ್ಮ ಕಣ್ಣಿಗೆ ಹಸಿರು ಹೆಚ್ಚು ಸೂಕ್ಷ್ಮವಾದ್ದರಿಂದ ಹಸಿರು ಲೇಸರ್ ಸ್ವಲ್ಪ ಮೇಲು. ಲೇಸರ್ ಇರುವುದು ನಳಿಗೆಯ ಕೆಳಗೋ ಪಕ್ಕಕ್ಕೋ ಆದ್ದರಿಂದ, ಹೊಂದಿಸಿದ ಒಂದು ದೂರದಲ್ಲಿ ಮಾತ್ರ ಚುಕ್ಕೆಯೂ ಗುಂಡೂ ಸಂಧಿಸುತ್ತವೆ.

ಹಾಗಾದರೆ ಸಣ್ಣ ಪಿಸ್ತೂಲಿಗೆ ಯಾವುದು ತಕ್ಕದ್ದು? ಚರಿತ್ರೆಯೇ ಉತ್ತರ ಹೇಳುತ್ತದೆ: ಯಾವ ಕೊರತೆಗೆ ಮದ್ದು ಬೇಕೆಂದು ಮೊದಲು ತಿಳಿ. ಕೋಣೆಯಳತೆಯ ದೂರ, ಒಳ್ಳೆಯ ಕಣ್ಣು ಇರುವವನಿಗೆ ಎದ್ದು ಕಾಣುವ ಮುಂಗಡ್ಡಿ ಮತ್ತು ಸಾದಾ ಕರಿಯ ಹಿಂಗಚ್ಚು ಸಾಕು. ಚಾಳೀಸಿನವನಿಗೆ ಕೆಂಪು ಚುಕ್ಕೆ ನಿಜವಾಗಿಯೂ ಉಪಕಾರಿ. ಆದರೆ ಅದಕ್ಕೂ ಸುಂಕವಿದೆ. ಪಿಸ್ತೂಲನ್ನು ಓರೆಯಾಗಿ ಎತ್ತಿದರೆ ಪುಟ್ಟ ಗಾಜಿನಲ್ಲಿ ಚುಕ್ಕೆ ಕಾಣುವುದೇ ಇಲ್ಲ. ನೂರಾರು ಸಲ ಎತ್ತಿ ಅಭ್ಯಾಸವಾಗಬೇಕು. ದೃಷ್ಟಿಯಲ್ಲಿ ಅಸ್ಟಿಗ್ಮ್ಯಾಟಿಸಂ ದೋಷವಿದ್ದವರಿಗೆ ಚುಕ್ಕೆ ಬಾಲವುಳ್ಳ ಧೂಮಕೇತುವಿನಂತೆ ಕಾಣುತ್ತದೆ. ಕೊಳ್ಳುವ ಮೊದಲು ಕಣ್ಣಿಟ್ಟು ನೋಡಬೇಕು. ಚುಕ್ಕೆಯ ಗಾತ್ರವನ್ನು ಕೋನದ ನಿಮಿಷಗಳಲ್ಲಿ ಹೇಳುತ್ತಾರೆ: ಆರು ನಿಮಿಷದ ಚುಕ್ಕೆ ಹತ್ತು ಮೀಟರಿನಲ್ಲಿ ಸುಮಾರು ಒಂದೂಮುಕ್ಕಾಲು ಸೆಂಟಿಮೀಟರ್ ಅಗಲವನ್ನು ಮುಚ್ಚುತ್ತದೆ, ಮೂರು ನಿಮಿಷದ್ದು ಅದರ ಅರ್ಧ. ದೊಡ್ಡದು ಬೇಗ ಸಿಗುತ್ತದೆ, ಚಿಕ್ಕದು ನಿಖರ. ಬ್ಯಾಟರಿ ಮುಗಿದ ದಿನಕ್ಕೆಂದು ಉಕ್ಕಿನ ಕಡ್ಡಿಯನ್ನು ಉಳಿಸಿಕೊಂಡಿರಬೇಕು. ಯಾವುದನ್ನು ಕೂಡಿಸಿದರೂ ಗುಂಡು ಹೊಡೆದು ನೋಡಿ ಸರಿಹೊಂದಿಸದೆ ನಂಬಬಾರದು.

ಇಷ್ಟೆಲ್ಲ ಆದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ. ಕೆಂಪು ಚುಕ್ಕೆಯ ಕೃಪೆಯಿಂದ ಪಿಸ್ತೂಲು ಹಿಡಿದವನೂ ಈಗ ಅರ್ಜುನನಾದ. ಹಕ್ಕಿಯ ಕಣ್ಣನ್ನೇ ನೋಡಬಲ್ಲ. ಆದರೆ ಜನರ ನಡುವೆ ಆಯುಧ ಹೊತ್ತವನಿಗೆ ಅಷ್ಟೇ ಸಾಕೆ? ಅರ್ಜುನನ ಮುಂದಿದ್ದದ್ದು ಗುರುಗಳೇ ತೂಗುಹಾಕಿದ ಕೃತಕ ಹಕ್ಕಿ. ಮರ, ಕೊಂಬೆ, ಸುತ್ತ ನಿಂತ ಅಣ್ಣತಮ್ಮಂದಿರನ್ನು ಅವನು ಮರೆಯಬಹುದಾಗಿತ್ತು. ಇವನು ಮರೆಯುವಂತಿಲ್ಲ.

2013ರ ಫೆಬ್ರುವರಿ 14ರ ಬೆಳಗಿನ ಜಾವ ದಕ್ಷಿಣ ಆಫ್ರಿಕದ ಪ್ರಿಟೋರಿಯದಲ್ಲಿ ಹೆಸರಾಂತ ಓಟಗಾರ ಆಸ್ಕರ್ ಪಿಸ್ಟೋರಿಯಸ್ ತನ್ನ ಮನೆಯ ಶೌಚಗೃಹದ ಮುಚ್ಚಿದ ಬಾಗಿಲಿನ ಮೂಲಕ ನಾಲ್ಕು ಗುಂಡು ಹಾರಿಸಿದ. ಒಳಗೆ ಕಳ್ಳನಿದ್ದಾನೆಂದು ಭಾವಿಸಿದೆ ಎಂಬುದು ಅವನ ವಾದ. ಸತ್ತವಳು ಅವನ ಗೆಳತಿ ರೀವಾ ಸ್ಟೀನ್‌ಕ್ಯಾಂಪ್. ಬಾಗಿಲ ಹಿಂದೆ ಯಾರೇ ಇದ್ದರೂ ಸಾಯಬಹುದೆಂದು ಅವನಿಗೆ ತಿಳಿದೇ ಇತ್ತು ಎಂದು ಮೇಲ್ಮನವಿ ನ್ಯಾಯಾಲಯ 2015ರ ಡಿಸೆಂಬರಿನಲ್ಲಿ ಅದನ್ನು ಕೊಲೆಯೆಂದೇ ತೀರ್ಮಾನಿಸಿತು. ಗುರಿ ತಪ್ಪಿರಲಿಲ್ಲ, ಯಾರೆಂಬುದು ತಿಳಿದಿರಲಿಲ್ಲ ಎಂದು ಅವನೇ ಹೇಳಿಕೊಂಡ.

ಟ್ರಿಟಿಯಂ, ಕೆಂಪು ಚುಕ್ಕೆ, ಲೇಸರ್—ಇವೆಲ್ಲ ನಳಿಗೆ ಎತ್ತ ನೋಡುತ್ತಿದೆ ಎಂದು ಹೇಳುತ್ತವೆ. ಅದರ ಮುಂದೆ ನಿಂತಿರುವವರು ಯಾರು ಎಂದು ಹೇಳುವುದು ಬೆಳಕೊಂದೇ. ಆದ್ದರಿಂದ ಗುರಿಸಾಧನಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಎಡಗೈಯಲ್ಲಿ ಹಿಡಿಯುವ ಸಾದಾ ಟಾರ್ಚಿಗೆ ಸಲ್ಲಬೇಕು. ಅದೂ ಪಿಸ್ತೂಲಿಗೆ ಕಟ್ಟಿದ್ದಲ್ಲ. ಕಟ್ಟಿದರೆ ನೋಡಬೇಕಾದವರ ಕಡೆಗೆಲ್ಲ ನಳಿಗೆ ತಿರುಗಿಸಬೇಕಾಗುತ್ತದೆ. ಕೈಯ ಟಾರ್ಚಿನ ಬೆಳಕಿನಲ್ಲಿ ನಿಂತದ್ದು ಮನೆಯ ಮಗುವಾಗಿದ್ದರೆ, ಪಿಸ್ತೂಲು ನೆಲ ನೋಡುತ್ತಲೇ ಇರುತ್ತದೆ.