ಒಂದು ಶಿಲ್ಲಿಂಗಿಗೆ ಲಫ್ಬರೋ



ಮೇ ರಜೆ ಬಂತೆಂದರೆ ನೀವೂ ನಾಲ್ಕು ಮನೆಯವರು ಸೇರಿ ಟೂರ್ ಬುಕ್ ಮಾಡುತ್ತೀರಲ್ಲವೇ? ಟಿಕೆಟ್ಟು, ಊಟ, ತಿರುಗಾಟ ಎಲ್ಲಕ್ಕೂ ಒಂದೇ ದುಡ್ಡು. ಇದರ ಕಥೆ ಹೇಳುವವರು ಸಾಮಾನ್ಯವಾಗಿ ಇಂಗ್ಲೆಂಡಿನ ಲಫ್ಬರೋದಿಂದ ಶುರು ಮಾಡುತ್ತಾರೆ. 1221ರಲ್ಲೇ ರಾಜನ ಅಪ್ಪಣೆ ಪಡೆದು ಸಂತೆ ನಡೆಸುತ್ತಿದ್ದ ಊರು ಅದು.

1841ರ ಜೂನ್ 9. ಥಾಮಸ್ ಕುಕ್ ಎಂಬ ಬಡಗಿ ಮಾರ್ಕೆಟ್ ಹಾರ್ಬರೋದಿಂದ ಲೆಸ್ಟರ್‌ಗೆ ನಡೆದು ಹೊರಟಿದ್ದ. ಹದಿನೈದು ಮೈಲಿ ದೂರ, ಹೋಗುತ್ತಿದ್ದುದು ಪಾನನಿರೋಧ ಸಭೆಗೆ. ದಿನವಿಡೀ ದುಡಿದು ಸುಸ್ತಾದ ಕೂಲಿಕಾರನಿಗೆ ಆಗ ಹೆಂಡದಂಗಡಿ ಬಿಟ್ಟರೆ ಬೇರೆ ಮನರಂಜನೆ ಎಲ್ಲಿತ್ತು? ಲೆಸ್ಟರ್‌ನಿಂದ ಲಫ್ಬರೋಗೆ ರೈಲು ಶುರುವಾಗಿ ಒಂದು ವರ್ಷವಷ್ಟೇ ಆಗಿತ್ತು. ಕುಡಿತ ಬಿಟ್ಟವರನ್ನು ರೈಲಿನಲ್ಲೇ ಲಫ್ಬರೋ ಸಭೆಗೆ ಕರೆದೊಯ್ದರೆ ಹೇಗೆ ಎಂದು ದಾರಿಯಲ್ಲಿ ಆತನಿಗೆ ಹೊಳೆಯಿತು. ಮಿಡ್‌ಲ್ಯಾಂಡ್ ಕೌಂಟೀಸ್ ರೈಲ್ವೆ ಕಂಪನಿಯೂ ಒಪ್ಪಿತು.

ಜುಲೈ 5ರಂದು ಸುಮಾರು 500 ಜನ ಹೊರಟರು. ಕುಳಿತದ್ದು, ನಿಂತದ್ದು ಎಲ್ಲ ಸೂರಿಲ್ಲದ ಡಬ್ಬಿಗಳಲ್ಲಿ. ಎಂಜಿನ್ನಿನ ಮಸಿ ನೇರ ಮುಖಕ್ಕೆ! ಲಫ್ಬರೋದಲ್ಲಿ ಬ್ಯಾಂಡು, ಆಟ, ಚಹಾ, ಜೊತೆಗೆ ಭಾಷಣ. ಹೋಗಿ ಬರಲು ತಲೆಗೆ ಒಂದು ಶಿಲ್ಲಿಂಗು, ಅಂದರೆ 12 ಪೆನ್ನಿ. ಎರಡೂ ಕಡೆ ಸೇರಿ 22 ಮೈಲಿ. ಲೆಕ್ಕ ಹಾಕಿ ನೋಡಿ, ಮೈಲಿಗೆ ಅರ್ಧ ಪೆನ್ನಿಗಿಂತ ತುಸು ಹೆಚ್ಚು ಅಷ್ಟೇ. ಬಡವರ ರೈಲಿಗೆ 1844ರಲ್ಲಿ ಪಾರ್ಲಿಮೆಂಟು ಕಾನೂನು ಮಾಡಿದಾಗಲೂ ಕಟ್ಟಿದ ಮಿತಿ ಮೈಲಿಗೆ ಒಂದು ಪೆನ್ನಿ. ಮಳೆಗಾಳಿ ತಾಗದ ಡಬ್ಬಿ, ಕೂರಲು ಸೀಟು ಕೊಡಲೇಬೇಕೆಂದದ್ದೂ ಅದೇ ಕಾನೂನು.

ಇದೇ ಜಗತ್ತಿನ ಮೊದಲ ವಿಹಾರ ರೈಲು ಎನ್ನುವುದುಂಟು. ಅದು ನಿಜವಲ್ಲ. 1840ರಲ್ಲೇ ನಾಟಿಂಗ್‌ಹ್ಯಾಮ್‌ನ ಕಾರ್ಮಿಕ ಸಂಸ್ಥೆಯೊಂದು ಲೆಸ್ಟರ್‌ಗೆ ಇಂಥದೇ ರೈಲು ಓಡಿಸಿತ್ತು. ಕುಕ್‌ನ ಹೆಚ್ಚುಗಾರಿಕೆ ಬೇರೆ: ಒಂದು ದಿನದ ಸಭೆಗೆ ಮಾಡಿದ ಏರ್ಪಾಡನ್ನು ಆತ ಜೀವಮಾನದ ಕಸುಬು ಮಾಡಿಕೊಂಡ.

ಆ ಕಸುಬು 1881ರಲ್ಲಿ ಬೊಂಬಾಯಿಗೂ ಬಂತು, ಮುಂಬೈ ಕೇಳುಗರಿಗೆ ಆ ಹೆಸರಿನ ಬೋರ್ಡು ಹೊಸದಲ್ಲ. ಬ್ರಿಟನ್ನಿನ ಮೂಲ ಕಂಪನಿ 2019ರ ಸೆಪ್ಟೆಂಬರ್ 23ರಂದು ದಿವಾಳಿಯಾಗಿ ಬಾಗಿಲು ಹಾಕಿತು. ಭಾರತದ ಕಂಪನಿ 2012ರಲ್ಲೇ ಬೇರೆ ಒಡೆತನಕ್ಕೆ ಹೋಗಿದ್ದರಿಂದ ಉಳಿಯಿತು.

ನಿಮ್ಮ ಮಕ್ಕಳಾರಾದರೂ ಲಫ್ಬರೋ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದರೆ, ಅವರನ್ನು ನೋಡಲು ಹೋಗುವಾಗ ಲೆಸ್ಟರ್‌ನಲ್ಲಿ ಒಮ್ಮೆ ಇಳಿಯಿರಿ. ನಿಲ್ದಾಣದ ಹೊರಗೆ ಕುಕ್‌ನ ಪ್ರತಿಮೆ ಇದೆ. ಅಲ್ಲಿಂದ ಮುಂದಕ್ಕೆ ವೇಗದ ರೈಲಿನಲ್ಲಿ ಕಾಲು ಗಂಟೆಯೂ ಬೇಡ.